ಸೆಕೆಂಡ್ ಹ್ಯಾಂಡ್ ಏರ್ ರೈಫಲ್: ಮಾಲೀಕರನ್ನು ಕೇಳಿ, ಆಮೇಲೆ ನೀವೇ ಅಳೆಯಿರಿ

ಸ್ಪರ್ಧೆಗೆ ಬಳಸುವ ವಿದೇಶಿ ಏರ್ ರೈಫಲ್ ಹೊಸದಾಗಿ ಕೊಳ್ಳಬೇಕೆಂದರೆ ಬೆಲೆ ಲಕ್ಷಗಳಲ್ಲಿದೆ. ಶೂಟಿಂಗ್ ಕಲಿಯುವ ಮಕ್ಕಳ ಮನೆಯವರು ಸೆಕೆಂಡ್ ಹ್ಯಾಂಡ್ ರೈಫಲ್ ಹುಡುಕುವುದು ಅದಕ್ಕೇ. ಅದರಲ್ಲಿ ತಪ್ಪೇನೂ ಇಲ್ಲ. ಜರ್ಮನಿಯ ಫೈನ್‌ವರ್ಕ್‌ಬಾವ್, ವಾಲ್ಥರ್, ಆನ್‌ಶುಟ್ಜ್, ಆಸ್ಟ್ರಿಯಾದ ಸ್ಟೈಯರ್ ಕಂಪನಿಗಳ ರೈಫಲ್‌ಗಳನ್ನು ಸರಿಯಾಗಿ ನೋಡಿಕೊಂಡರೆ ಒಬ್ಬ ಶೂಟರ್ ಬಳಸಿದ ಮೇಲೂ ಇನ್ನೊಬ್ಬರ ಕೈಯಲ್ಲಿ ವರ್ಷಗಟ್ಟಲೆ ನಡೆಯುತ್ತವೆ. ತೊಂದರೆ ಇರುವುದು ಆಯ್ಕೆ ಮಾಡುವ ರೀತಿಯಲ್ಲಿ. ರೇಂಜ್‌ನಲ್ಲಿ ನಾಲ್ಕು ಜನರನ್ನು ಕೇಳುತ್ತೇವೆ, ನಾಲ್ವರೂ ತಮ್ಮ ತಮ್ಮ ರೈಫಲ್ಲೇ ಚೆನ್ನಾಗಿದೆ ಎನ್ನುತ್ತಾರೆ, ಅಷ್ಟರಲ್ಲಿ ಯಾರೋ ಒಬ್ಬರು ಮಾರಲು ಸಿದ್ಧರಾಗುತ್ತಾರೆ, ವ್ಯಾಪಾರ ಮುಗಿದುಹೋಗುತ್ತದೆ. ಮಾಲೀಕರ ಅನುಭವ ಬಹಳ ಬೆಲೆಬಾಳುವಂಥದ್ದು. ಆದರೆ ಅದನ್ನು ಕೇಳುವ ಕ್ರಮ ಬೇರೆ, ಕೇಳಿದ್ದನ್ನು ರೈಫಲ್ ಮೇಲೆ ಪರೀಕ್ಷಿಸುವ ಕ್ರಮ ಬೇರೆ. ಎರಡೂ ಗೊತ್ತಿರಬೇಕು.

ಮೊದಲು: ಯಾವ ಸ್ಪರ್ಧೆಗೆ?

ಒಲಿಂಪಿಕ್ಸ್‌ನಲ್ಲಿರುವ 10 ಮೀಟರ್ ಏರ್ ರೈಫಲ್, ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್‌ನದು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇದರ ಜೊತೆಗೆ ಓಪನ್ ಸೈಟ್ ವಿಭಾಗವೂ ಉಂಟು. ಮಗು ಯಾವುದರಲ್ಲಿ ಸ್ಪರ್ಧಿಸುತ್ತದೆ ಎಂಬುದನ್ನು ಕೋಚ್ ಜೊತೆ ಮಾತಾಡಿ ತೀರ್ಮಾನಿಸದೆ ರೈಫಲ್ ನೋಡಲು ಹೋಗಬೇಡಿ. ಸ್ಪರ್ಧೆಯ ರೈಫಲ್ 5.5 ಕಿಲೋ ಮೀರುವಂತಿಲ್ಲ ಎಂಬ ಮಿತಿ ಇದೆ ನಿಜ. ಆದರೆ 12 ವರ್ಷದ ಹುಡುಗಿಯ ತೋಳಿಗೆ ಐದು ಕಿಲೋವೂ ಹೊರೆಯೇ. ಎಡಗೈ ಶೂಟರ್‌ಗೆ ಬಲಗೈ ಸ್ಟಾಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಡಿಸಬೇಡಿ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಕ್ಲಬ್ಬಿನ ರೈಫಲ್ ಸಾಕು. ಮಗುವಿನ ನಿಲುವು ಒಂದು ಹದಕ್ಕೆ ಬಂದ ಮೇಲೆ ಕೊಂಡರೆ ಅದಕ್ಕೆ ಹೊಂದುವ ಸ್ಟಾಕ್ ಯಾವುದೆಂದು ತಿಳಿಯುತ್ತದೆ.

ಇನ್ನೊಂದು ಮಾತು. ಈಗ ಹೆಚ್ಚಿನವು ಸಿಲಿಂಡರಿನಲ್ಲಿ ಗಾಳಿ ತುಂಬಿಸಿ ಹೊಡೆಯುವ ರೈಫಲ್‌ಗಳು. ಫೈನ್‌ವರ್ಕ್‌ಬಾವ್ 601, 602, 603ರಂಥ ಹಳೆಯ ಮಾದರಿಗಳಲ್ಲಿ ಸಿಲಿಂಡರೇ ಇಲ್ಲ. ಪ್ರತಿ ಹೊಡೆತಕ್ಕೂ ಪಕ್ಕದ ಲಿವರ್ ಎಳೆದು ಗಾಳಿ ಒತ್ತಬೇಕು. ಚಿಕ್ಕ ಮಕ್ಕಳಿಗೆ ಆ ಲಿವರ್ ಕಷ್ಟ. ಆದರೆ ಗಾಳಿ ತುಂಬಿಸುವ ಸೌಕರ್ಯವಿಲ್ಲದ ಊರಿನಲ್ಲಿರುವ ದೊಡ್ಡವರಿಗೆ ಇವು ಇವತ್ತಿಗೂ ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಮಾಲೀಕರನ್ನು ಏನು ಕೇಳಬೇಕು?

‘ಹೇಗಿದೆ?’ ಎಂದು ಕೇಳಬೇಡಿ. ಲಕ್ಷಗಟ್ಟಲೆ ಕೊಟ್ಟು ತಂದ ವಸ್ತುವನ್ನು ಯಾರೂ ಸುಲಭಕ್ಕೆ ಹಳಿಯುವುದಿಲ್ಲ. ಉತ್ತರದಲ್ಲಿ ದಿನಾಂಕವೋ ಲೆಕ್ಕವೋ ಬರಲೇಬೇಕಾದ ಪ್ರಶ್ನೆಗಳನ್ನು ಕೇಳಿ. ಎಷ್ಟು ವರ್ಷದಿಂದ ಬಳಸುತ್ತಿದ್ದೀರಿ? ತಿಂಗಳಿಗೆ ಎಷ್ಟು ಡಬ್ಬಿ ಪೆಲೆಟ್ ಖಾಲಿಯಾಗುತ್ತದೆ? ಸೀಲ್‌ಗಳನ್ನು ಕೊನೆಯ ಸಲ ಯಾವಾಗ ಬದಲಿಸಿದಿರಿ, ಬದಲಿಸಿದವರು ಯಾರು? ರಿಪೇರಿಗೆ ಕೊಟ್ಟಾಗ ಎಷ್ಟು ದಿನ ರೈಫಲ್ ಇಲ್ಲದೆ ಕೂತಿದ್ದಿರಿ? ಬಿಡಿಭಾಗ ಎಲ್ಲಿಂದ ಬಂತು?

ಇವುಗಳಲ್ಲಿ ರಿಪೇರಿ ದಿನಗಳ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಒಂದು ಸಣ್ಣ ಓ-ರಿಂಗ್ ಸಿಗದೆ ರೈಫಲ್ ಪೆಟ್ಟಿಗೆಯಲ್ಲೇ ಉಳಿದು, ಅಷ್ಟರಲ್ಲಿ ರಾಜ್ಯ ಮಟ್ಟದ ಸ್ಪರ್ಧೆ ಮುಗಿದುಹೋದರೆ, ಆ ರೈಫಲ್ ಎಷ್ಟು ಉತ್ತಮವಾದರೂ ಮಗುವಿನ ವರ್ಷ ಹೋಯಿತು. ಇದೇ ಕಾರಣಕ್ಕೆ ನಮ್ಮಲ್ಲೇ ತಯಾರಾಗುವ ಪ್ರೆಸಿಹೋಲ್‌ನಂಥ ರೈಫಲ್‌ಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ತಯಾರಕರು ದೇಶದೊಳಗೇ ಇರುವುದು ಸಣ್ಣ ಅನುಕೂಲವಲ್ಲ.

ಮೂರು ತಿಂಗಳು ಬಳಸಿದವರ ಹೊಗಳಿಕೆಗಿಂತ ಆರು ವರ್ಷ ಬಳಸಿದವರ ಗೊಣಗಾಟದಿಂದ ಕಲಿಯುವುದು ಹೆಚ್ಚು. ಒಂದೇ ಮಾದರಿಯ ಬಗ್ಗೆ, ಪರಸ್ಪರ ಪರಿಚಯವಿಲ್ಲದ ಇಬ್ಬರು ಮೂವರು ಒಂದೇ ದೋಷ ಹೇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಬ್ಬರೇ ಹೇಳಿದ ದೋಷ ಆ ಒಂದು ರೈಫಲ್ಲಿನದೋ, ಅದನ್ನು ಬಿಚ್ಚಿ ಜೋಡಿಸಿದ ಕೈಯದೋ ಇರಬಹುದು. ಸಾಧ್ಯವಾದರೆ ರೈಫಲ್ ರಿಪೇರಿ ಮಾಡುವ ಆರ್ಮರರ್ ಒಬ್ಬರನ್ನು ಹಿಡಿದು ಮಾತಾಡಿ. ಮಾಲೀಕರು ಒಂದು ರೈಫಲ್ ಕಂಡಿರುತ್ತಾರೆ. ಆರ್ಮರರ್ ಮೇಜಿಗೆ ಎಲ್ಲರ ಕೆಟ್ಟ ರೈಫಲ್‌ಗಳೂ ಬರುತ್ತವೆ.

ಕೊಡಗಿನ ಓದುಗರಿಗೆ ಒಂದು ಮಾತು. ಕೈಲ್ ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಮನೆಗಳಲ್ಲಿ ಹಿರಿಯರಿಗೆ ಬಂದೂಕಿನ ಒಳಹೊರಗೆಲ್ಲ ಗೊತ್ತು. ಅವರ ಕಣ್ಣು ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿ ಕಾಯಿ ಒಡೆದರೆ ಗೆದ್ದಂತೆ; ಇಲ್ಲಿ ಹತ್ತು ಅಂಕದ ಚುಕ್ಕಿಯ ಅಡ್ಡಳತೆ ಕೇವಲ ಅರ್ಧ ಮಿಲಿಮೀಟರ್. ‘ಒಂದು ದಿನವೂ ಕೈಕೊಟ್ಟಿಲ್ಲ’ ಎಂಬ ಮಾತು ಆ ಕೋವಿಗೆ ಸಾಕಾಗಬಹುದು, ಈ ರೈಫಲ್‌ಗೆ ಸಾಲದು.

ಸಿಲಿಂಡರಿನ ಮೇಲಿನ ದಿನಾಂಕ

ರೈಫಲ್ ಕೈಗೆ ಬಂದ ಕೂಡಲೇ ಅದು ಖಾಲಿ ಇದೆಯೇ ಎಂದು ನೋಡಿ, ನಳಿಗೆಯೊಳಗೆ ಸೇಫ್ಟಿ ಫ್ಲ್ಯಾಗ್ ಹಾಕಿಸಿ. ಆಮೇಲೆ ಮೊದಲು ಓದಬೇಕಾದದ್ದು ಸಿಲಿಂಡರಿನ ಮೇಲಿನ ಅಕ್ಷರಗಳನ್ನು. ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಅವಧಿ ಕೊಟ್ಟಿರುತ್ತಾರೆ. ಅವಧಿ ಮೀರಿದ ಸಿಲಿಂಡರ್ ಬಳಸದಂತೆ ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ಸ್ಪರ್ಧಿಯ ಮೇಲೆಯೇ ಹೊರಿಸಿದೆ. ಇದು ಬರೀ ಕಾಗದದ ನಿಯಮವಲ್ಲ. ಒಳಗಿರುವುದು 200 ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರು ಪಟ್ಟು. ಅದರ ಪಕ್ಕದಲ್ಲಿ ಇರುವುದು ನಿಮ್ಮ ಮಗುವಿನ ಮುಖ. ಅವಧಿ ಮುಗಿದಿದ್ದರೆ, ತಗ್ಗು ಬಿದ್ದಿದ್ದರೆ ಅಥವಾ ತಿರುಪಿನ ಬಳಿ ತುಕ್ಕು ಇದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕೇಳಿ ತಿಳಿದು, ಅಷ್ಟನ್ನು ರೈಫಲ್ ಬೆಲೆಯಿಂದ ಕಳೆದೇ ಮಾತಾಡಿ.

ಸೋರಿಕೆ ಪರೀಕ್ಷೆಗೆ ಎರಡು ರಾತ್ರಿ ಬೇಕು. ಸಿಲಿಂಡರನ್ನು ಪೂರ್ತಿ ತುಂಬಿಸಿ, ಅದು ತಣ್ಣಗಾದ ಮೇಲೆ ಗೇಜ್ ಓದಿ ಬರೆದಿಡಿ. ತುಂಬಿಸುವಾಗ ಗಾಳಿ ಬಿಸಿಯಾಗಿರುವುದರಿಂದ ಆಗಲೇ ಓದಿದರೆ ಲೆಕ್ಕ ತಪ್ಪುತ್ತದೆ. ಮೊದಲ ರಾತ್ರಿ ಸಿಲಿಂಡರನ್ನು ರೈಫಲ್‌ಗೆ ಸಿಕ್ಕಿಸಿಯೇ ಇಡಿ. ಎರಡನೇ ರಾತ್ರಿ ಬಿಚ್ಚಿ ಬೇರೆ ಇಡಿ. ಬಿಚ್ಚಿಟ್ಟಾಗಲೂ ಇಳಿದರೆ ದೋಷ ಸಿಲಿಂಡರಿನ ವಾಲ್ವ್‌ನದು. ಸಿಕ್ಕಿಸಿದಾಗ ಮಾತ್ರ ಇಳಿದರೆ ರೈಫಲ್ಲಿನ ಒಳಗಿನ ಸೀಲ್‌ಗಳದು; ಅದು ಆರ್ಮರರ್ ಸರಿಪಡಿಸಬಹುದಾದ ಕೆಲಸ. ಬಿಸಿಲಿನ 35 ಡಿಗ್ರಿಯಲ್ಲಿ 200 ಬಾರ್ ತೋರಿಸಿದ ಗೇಜ್, ಏಸಿ ಹಾಕಿದ 20 ಡಿಗ್ರಿಯ ರೇಂಜ್‌ನಲ್ಲಿ ಸುಮಾರು 190 ತೋರಿಸುವುದು ಭೌತಶಾಸ್ತ್ರದ ಲೆಕ್ಕ, ಸೋರಿಕೆಯಲ್ಲ. ಎರಡು ಸಲವೂ ಒಂದೇ ಉಷ್ಣಾಂಶದಲ್ಲಿ ಓದಿ. ಗಾಳಿ ತುಂಬಿಸುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ, ಸಾಮಾನ್ಯ ಗ್ರೀಸ್ ಆಗಲಿ ಯಾರು ಹಚ್ಚಲು ಹೇಳಿದರೂ ಹಚ್ಚಬೇಡಿ. ಹೆಚ್ಚಿನ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳುವ ಅಪಾಯವಿದೆ.

ಕಾಗದದ ಮೇಲೆ ಏನು ಬೀಳುತ್ತದೆ?

ಈ ಹಂತಕ್ಕೆ ಇಡೀ ಬೆಳಿಗ್ಗೆ ಮೀಸಲಿಡಿ. ಹತ್ತು ಅಂಕ ಸಿಗಲು 4.5 ಮಿ.ಮೀ. ಪೆಲೆಟ್‌ನ ಅಂಚು ಅರ್ಧ ಮಿ.ಮೀ. ಚುಕ್ಕಿಯನ್ನು ಮುಟ್ಟಿದರೆ ಸಾಕು, ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಇರಬೇಕು. ಈಗ ಅರ್ಹತಾ ಸುತ್ತಿನಲ್ಲೂ ದಶಾಂಶ ಲೆಕ್ಕವಿದೆ. ನಡುವಿನಿಂದ ಪ್ರತಿ ಕಾಲು ಮಿಲಿಮೀಟರ್ ದೂರಕ್ಕೆ 0.1 ಅಂಕ ಹೋಗುತ್ತದೆ. ಅಷ್ಟು ಸೂಕ್ಷ್ಮ ಆಟದಲ್ಲಿ ರೈಫಲ್ ತನ್ನ ಕಡೆಯಿಂದ ಎಷ್ಟು ಕದಿಯುತ್ತದೆ ಎಂದು ತಿಳಿಯದೆ ದುಡ್ಡು ಕೊಡಬಾರದು.

ರೈಫಲನ್ನು ವೈಸ್‌ನಲ್ಲಿ ಬಿಗಿಸಿ. ವೈಸ್ ಇಲ್ಲದಿದ್ದರೆ ಮರಳಿನ ಚೀಲದ ಮೇಲಿಟ್ಟು ನುರಿತ ಶೂಟರ್ ಒಬ್ಬರಿಂದ ಹೊಡೆಸಿ. ಒಂದೇ ಡಬ್ಬಿಯ ಪೆಲೆಟ್, ಹತ್ತು ಮೀಟರ್, ಒಂದೊಂದು ಕಾಗದಕ್ಕೆ ಹತ್ತು ಹೊಡೆತ. ಐದು ಹೊಡೆತ ಅದೃಷ್ಟದಿಂದಲೂ ಒಟ್ಟಿಗೆ ಬೀಳಬಹುದು. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ಗ್ರೂಪ್, ಅಂದರೆ ಹೊಡೆತಗಳ ಹರವಿನ ಅಳತೆ ಸಿಗುತ್ತದೆ. ನಳಿಗೆಗೆ ಒಪ್ಪುವ ಪೆಲೆಟ್ ಹಾಕಿದರೆ ಒಳ್ಳೆಯ ಮ್ಯಾಚ್ ರೈಫಲ್ ಎರಡು ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅಳತೆ ಐದಕ್ಕೆ ಹೋದರೆ, ಶೂಟರ್ ಒಂದಿಷ್ಟೂ ತಪ್ಪದಿದ್ದರೂ ಹತ್ತು ಸಿಗುವುದು ಅಂಚಿನಲ್ಲೇ.

ಗ್ರೂಪ್ ಕೆಟ್ಟಿತೆಂದು ಆಗಲೇ ನಳಿಗೆಯನ್ನು ದೂರಬೇಡಿ. ಪೆಲೆಟ್‌ಗಳ ತಲೆಯ ಅಳತೆ 4.49, 4.50 ಹೀಗೆ ಕೂದಲೆಳೆಯಷ್ಟು ಬೇರೆ ಇರುತ್ತದೆ, ಒಂದೊಂದು ನಳಿಗೆಗೆ ಒಂದೊಂದು ಹಿಡಿಸುತ್ತದೆ. ಮೂರು ನಾಲ್ಕು ಬಗೆಯ ಡಬ್ಬಿ ತಂದು ಹೊಡೆಯಿರಿ. ನಳಿಗೆಯಲ್ಲಿ ಸೀಸ ಕೂತಿದ್ದರೆ ಉಣ್ಣೆಯ ತುಂಡುಗಳನ್ನು ತೂರಿಸಿ ಶುಚಿ ಮಾಡಿಸಿ; ಶುಚಿ ಮಾಡಿದ ಮೇಲಿನ ಮೊದಲ ಕೆಲವು ಹೊಡೆತ ಲೆಕ್ಕಕ್ಕಿಲ್ಲ. ಇಷ್ಟಾದರೂ ಹರಡಿದರೆ ಆ ರೈಫಲ್ ಬೇಡ. ಹೊಸದಾಗಿ ಬಂದಾಗ ಕಾರ್ಖಾನೆಯವರು ಕೊಟ್ಟ ಪರೀಕ್ಷಾ ಕಾರ್ಡ್ ಮಾಲೀಕರ ಹತ್ತಿರವಿದ್ದರೆ ಕೇಳಿ ಪಡೆದು ಪಕ್ಕದಲ್ಲಿಟ್ಟು ಹೋಲಿಸಿ.

ಕಾಗದದ ಮೇಲೆ ಮೇಲಿನಿಂದ ಕೆಳಕ್ಕೆ ಉದ್ದವಾಗಿ ಹರಡಿದ್ದರೆ ಸಂದೇಹ ಪ್ರತಿ ಹೊಡೆತಕ್ಕೂ ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರಿನ ಮೇಲೆ. ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೋಗುತ್ತದೆ. ಹತ್ತು ಮೀಟರ್‌ನಲ್ಲಿ 16 ಮಿ.ಮೀ. ಇಳಿಯುತ್ತದೆ. ವೇಗ ಎರಡು ಶೇಕಡಾ ಏರಿಳಿದರೆ ಆ ಇಳಿತ 0.6 ಮಿ.ಮೀ. ಬದಲಾಗುತ್ತದೆ, ಎರಡು ದಶಾಂಶ ಅಂಕ ಅಲ್ಲೇ ಹೋಯಿತು. ರೇಂಜ್‌ನಲ್ಲಿ ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಇಪ್ಪತ್ತು ಹೊಡೆತದ ವೇಗ ಬರೆದುಕೊಳ್ಳಿ. ಹತ್ತು ನಿಮಿಷ ಸುಮ್ಮನೆ ಬಿಟ್ಟು ಹೊಡೆದ ಮೊದಲ ಪೆಲೆಟ್ ಪ್ರತಿ ಸಲವೂ ಬೇರೆ ವೇಗ ತೋರಿಸಿದರೆ ರೆಗ್ಯುಲೇಟರ್ ಒತ್ತಡವನ್ನು ಹಿಡಿದು ನಿಲ್ಲಿಸುತ್ತಿಲ್ಲ ಎಂದೇ ಅರ್ಥ.

ಟ್ರಿಗರ್, ಸೈಟ್, ಸ್ಟಾಕ್

ಮೆಕ್ಯಾನಿಕಲ್ ಟ್ರಿಗರ್‌ನಲ್ಲಿ ಮೊದಲ ಎಳೆತ ಎಲ್ಲಿ ಮುಗಿಯಿತು, ಎಲ್ಲಿ ಬಿಡುಗಡೆಯಾಯಿತು ಎಂಬುದು ಐವತ್ತು ಸಲ ಎಳೆದರೂ ಒಂದೇ ರೀತಿ ತಿಳಿಯಬೇಕು. ಪೆಲೆಟ್ ಇಲ್ಲದೆ, ನಳಿಗೆಯನ್ನು ಗುರಿಯತ್ತ ಇಟ್ಟು, ಕಾಕ್ ಮಾಡಿದ ರೈಫಲ್ಲಿನ ಹಿಂಭಾಗವನ್ನು ರಬ್ಬರ್ ಮ್ಯಾಟ್ ಮೇಲೆ ಮೆಲ್ಲಗೆ ತಟ್ಟಿ. ತಾನಾಗಿಯೇ ಬಿಟ್ಟುಕೊಂಡರೆ ಅಲ್ಲಿಗೇ ಪರೀಕ್ಷೆ ನಿಲ್ಲಿಸಿ. ಎಲೆಕ್ಟ್ರಾನಿಕ್ ಟ್ರಿಗರ್ ನವಿರಾಗಿರುತ್ತದೆ; ಆದರೆ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಎಲೆಕ್ಟ್ರಾನಿಕ್ ಟ್ರಿಗರ್ ಕೈಕೊಟ್ಟು, ದುರಸ್ತಿಯಲ್ಲಿ ನಿಮಿಷಗಳು ಕಳೆದು, ಎರಡು ಅಂಕದಲ್ಲಿ ಫೈನಲ್ ತಪ್ಪಿದ್ದು ಎಲ್ಲ ಶೂಟರ್‌ಗಳಿಗೂ ನೆನಪಿದೆ. ಹತ್ತಿರದಲ್ಲಿ ಸರ್ಕ್ಯೂಟ್ ಬದಲಿಸಬಲ್ಲವರು ಇಲ್ಲದಿದ್ದರೆ ಮೊದಲ ರೈಫಲ್‌ಗೆ ಮೆಕ್ಯಾನಿಕಲ್ ಇರಲಿ.

ಪೀಪ್ ಸೈಟ್ ಪರೀಕ್ಷೆ ಸುಲಭ. ಒಂದು ಹೊಡೆತ ಹಾಕಿ. ಇಪ್ಪತ್ತು ಕ್ಲಿಕ್ ಮೇಲಕ್ಕೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಹೊಡೆಯಿರಿ. ಕೊನೆಯ ಪೆಲೆಟ್ ಮೊದಲ ತೂತಿಗೇ ಬರಬೇಕು. ಬರದಿದ್ದರೆ ಸೈಟ್‌ನ ತಿರುಪು ಸವೆದಿದೆ; ಸೈಟ್ ಬೇರೆಯಾಗಿಯೂ ಸಿಗುವುದರಿಂದ ಇದು ರೈಫಲ್ ಬಿಡಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ. ಮರದ ಸ್ಟಾಕ್ ಆಗಿದ್ದರೆ ಹಿಡಿಯ ಕುತ್ತಿಗೆಯಲ್ಲಿ ಬಿರುಕು ಇದೆಯೇ ಎಂದು ಬೆಳಕು ಹಿಡಿದು ನೋಡಿ.

ಕಾಗದಪತ್ರ

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ನಳಿಗೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಮ್ಯಾಚ್ ರೈಫಲ್‌ಗಳ ಶಕ್ತಿ ಎಂಟು ಜೂಲ್ ಆಸುಪಾಸು. ಆದರೂ ಬಿಲ್ಲಿನಲ್ಲಿರುವ ಕ್ರಮಸಂಖ್ಯೆ ರೈಫಲ್ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಸುಂಕ ವಿನಾಯಿತಿಯಲ್ಲಿ ವಿದೇಶದಿಂದ ತರಿಸಿದ ರೈಫಲ್ ಆಗಿದ್ದರೆ ಮರುಮಾರಾಟಕ್ಕೆ ಷರತ್ತು ಇದೆಯೇ ಎಂದು ಮಾಲೀಕರನ್ನೂ ರಾಜ್ಯ ರೈಫಲ್ ಸಂಸ್ಥೆಯನ್ನೂ ಕೇಳಿ. ಮಾರಾಟದ ಪತ್ರದಲ್ಲಿ ಎರಡೂ ಕಡೆಯ ಹೆಸರು, ಗುರುತಿನ ದಾಖಲೆ, ಕ್ರಮಸಂಖ್ಯೆ, ಸಿಲಿಂಡರಿನ ಅವಧಿ ಇಷ್ಟನ್ನೂ ಬರೆಸಿಕೊಳ್ಳಿ.

ಕೊಂಡ ಮೇಲೆ ಸೀಲ್‌ಗಳನ್ನು ಒಮ್ಮೆ ಪೂರ್ತಿ ಬದಲಿಸಿಬಿಡುವುದು ಒಳ್ಳೆಯದು. ಹಳೆಯ ಮಾಲೀಕರು ಯಾವಾಗ ಬದಲಿಸಿದರೆಂಬ ಗೊಂದಲ ಅಲ್ಲಿಗೆ ಮುಗಿಯುತ್ತದೆ. ಒಂದು ಜೊತೆ ಹೆಚ್ಚುವರಿ ಸೀಲ್ ತರಿಸಿ ಪೆಟ್ಟಿಗೆಯಲ್ಲೇ ಇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ರೈಫಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆಯ ಜೊತೆ ಬಿಡಬಾರದು. ಅಭ್ಯಾಸ ಮುಗಿದ ಮೇಲೆ ಬೆವರು ತಾಗಿದ ಲೋಹದ ಭಾಗಗಳನ್ನು ಒರೆಸಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಹಾಕಿ, ಅದು ತೇವ ಹೀರಿಕೊಂಡ ಮೇಲೆ ಬದಲಿಸುತ್ತಿರಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ತುಂಬಿದ ಸಿಲಿಂಡರ್ ಬಿಟ್ಟು ಹೋಗಬೇಡಿ.