ಕೆರೆ ಹೂಳಿನಲ್ಲಿ ಲೋಹಾಂಶ: ಹೊಲಕ್ಕೆ ಹೇರುವ ಮುನ್ನ ಪರೀಕ್ಷೆ

ಬೇಸಿಗೆಯಲ್ಲಿ ಕೆರೆ, ಹಳ್ಳಗಳ ಹೂಳನ್ನು ಹೇರಿ ತಂದು ಮಡ್ಡಿ ಜಮೀನಿಗೆ ಹಾಕುವುದು ನಮ್ಮ ರೈತರ ಹಳೆಯ ರೂಢಿ; ಒಳ್ಳೆಯ ರೂಢಿಯೂ ಹೌದು. ಹೂಳಿನ ಜಿಗುಟು ಕಣಗಳು ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತವೆ. ಆದರೆ ಅದೇ ಕಣಗಳು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮುಂತಾದ ಭಾರಲೋಹಗಳನ್ನೂ ಹಿಡಿದಿಡುತ್ತವೆ. ಊರ ಚರಂಡಿ, ಗ್ಯಾರೇಜು, ಬ್ಯಾಟರಿ ಅಥವಾ ಲೋಹಲೇಪನದ ಕೆಲಸ ನಡೆಯುವ ಜಾಗದ ನೀರು ಸೇರುವ ಕೆರೆಯಾದರೆ ಪರೀಕ್ಷೆ ಮಾಡಿಸದೆ ಹೂಳು ಹೇರಬೇಡಿ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯಿಂದ ಹರಿದು ಬಂದ ಕ್ಯಾಡ್ಮಿಯಂ ಭತ್ತದ ಗದ್ದೆಗಳಲ್ಲಿ ನೆಲೆಸಿ, ಅಕ್ಕಿಯ ಮೂಲಕ ಜನರ ಮೂತ್ರಪಿಂಡ ಮತ್ತು ಮೂಳೆಗಳನ್ನು ಕೆಡಿಸಿತು. ಈ ಕಾರಣವನ್ನು ಅಲ್ಲಿನ ಸರಕಾರ 1968ರಲ್ಲಿ ಒಪ್ಪಿಕೊಂಡಿತು.

ಪರೀಕ್ಷೆಯ ವರದಿ ಕೈಗೆ ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅಲಖನೂರ, ರಾಯಬಾಗ, ಅಥಣಿ ಸೀಮೆಯ ಎರೆ ಮಣ್ಣು ಬಹುಮಟ್ಟಿಗೆ ಬಸಾಲ್ಟ್ ಎಂಬ ಕಪ್ಪು ಕಲ್ಲಿನಿಂದ ಆದದ್ದು. ಈ ಜಾತಿಯ ಕಲ್ಲಿನಲ್ಲಿ ಕಿಲೋಗ್ರಾಂಗೆ ಸರಾಸರಿ 170 ಮಿಲಿಗ್ರಾಂ ಕ್ರೋಮಿಯಂ, 130 ಮಿಲಿಗ್ರಾಂ ನಿಕ್ಕಲ್ ಹುಟ್ಟಿನಿಂದಲೇ ಇರುತ್ತವೆ; ಸೀಸ ಮಾತ್ರ ಸುಮಾರು 6. ನಗರ ಕಾಂಪೋಸ್ಟಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಗೊತ್ತುಪಡಿಸಿರುವ ಮಿತಿ ಕ್ರೋಮಿಯಂಗೆ 50, ನಿಕ್ಕಲಿಗೆ 50, ಸೀಸಕ್ಕೆ 100. ಈ ಅಳತೆಗೋಲನ್ನು ಹಾಗೆಯೇ ಹಿಡಿದರೆ ನಮ್ಮ ಶುದ್ಧ ಎರೆ ಮಣ್ಣೂ ನಪಾಸಾದೀತು! ಅತ್ತ ಸೀಸ 6ರಿಂದ 60ಕ್ಕೆ ಏರಿದರೂ ಅದು ಪಾಸೇ. ಹೀಗಾಗಿ ಅಂಕಿ ಎಷ್ಟಿದೆ ಎಂಬುದಕ್ಕಿಂತ, ಸಹಜವಾಗಿ ಇರಬೇಕಾದ್ದಕ್ಕಿಂತ ಎಷ್ಟು ಏರಿದೆ ಎಂಬುದೇ ಮುಖ್ಯ.

ಬಂದರುಗಳ ತಳದ ಕೆಸರನ್ನು ಪರೀಕ್ಷಿಸುವವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಮೇಲ್ಪದರದ ಕೆಸರನ್ನು ಕೆಳಗಿನ ಹಳೆಯ ಪದರದೊಂದಿಗೆ ಹೋಲಿಸುತ್ತಾರೆ. ಮರಳು ಹೆಚ್ಚಿದ್ದಲ್ಲಿ ಲೋಹ ಕಡಿಮೆಯೆಂದು ತೋರುವುದರಿಂದ, ಪ್ರತಿ ಲೋಹವನ್ನೂ ಅದೇ ಮಾದರಿಯ ಕಬ್ಬಿಣ ಅಥವಾ ಅಲ್ಯೂಮಿನಿಯಂನಿಂದ ಭಾಗಿಸಿ ನೋಡುತ್ತಾರೆ. ನಮ್ಮ ಕೆರೆಗೂ ಇದೇ ಸಾಕು. ಉದಾಹರಣೆಗೆ, ಎರಡೂ ಪದರಗಳಲ್ಲಿ ಕಬ್ಬಿಣ ಶೇಕಡಾ 6 ಇದ್ದು, ಕ್ರೋಮಿಯಂ ಕೆಳಗೆ 140, ಮೇಲೆ 150 ಇದ್ದರೆ ಅದು ಕಲ್ಲಿನ ಕೊಡುಗೆ. ಸೀಸ ಕೆಳಗೆ 10, ಮೇಲೆ 40 ಇದ್ದರೆ ಅದು ಹೊರಗಿನಿಂದ ಬಂದದ್ದು.

ಮಾದರಿ ತೆಗೆಯುವಾಗ ಸತುವು ಲೇಪಿಸಿದ ತಗಡಿನ ಬುಟ್ಟಿ, ಹಿತ್ತಾಳೆ ಪಾತ್ರೆ ಬೇಡ. ಪಾತ್ರೆಯ ಲೋಹವೇ ವರದಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಬಕೆಟ್, ಮರದ ಕರಣಿ ಒಳ್ಳೆಯದು. ನೀರು ಒಳಬರುವ ಬಾಯಿ, ನಡುಭಾಗ, ಒಡ್ಡಿನ ಬದಿ, ಇವುಗಳನ್ನು ಬೇರೆ ಬೇರೆ ಇಡಿ. ಪ್ರತಿ ಭಾಗದಲ್ಲೂ ಎಂಟು ಹತ್ತು ಕಡೆ ಮೇಲಿನ 15 ಸೆಂಟಿಮೀಟರ್ ಹೂಳು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿ. ಹೂಳಿನ ಕೆಳಗಿನ ಹಳೆಯ ಪದರದ್ದೊಂದು, ಚರಂಡಿ ನೀರು ಕಾಣದ ಮೇಲ್ಭಾಗದ ಹೊಲದ್ದೊಂದು ಮಾದರಿಯೂ ಜೊತೆಗಿರಲಿ. ಇವಿಲ್ಲದ ವರದಿಗೆ ಕೊಟ್ಟ ಹಣ ದಂಡ. ಒಟ್ಟು ಲೋಹ, ಬೆಳೆಗೆ ಲಭ್ಯವಾಗುವ ಲೋಹ, ಕಬ್ಬಿಣ, ಜೇಡಿಯಂಶ, ರಸಸಾರ ಎಲ್ಲವನ್ನೂ ಕೇಳಿ ಬರೆಯಿಸಿ. ವಾಸನೆಯನ್ನು ನಂಬಬೇಡಿ: ಕಬ್ಬಿನ ಕಾರ್ಖಾನೆಯ ನೀರು ಮೂಗು ಮುಚ್ಚಿಸಿದರೂ ಅದರಲ್ಲಿ ಹೆಚ್ಚಿನದು ಕೊಳೆಯುವ ಪದಾರ್ಥ, ಸೀಸಕ್ಕೆ ವಾಸನೆಯಿಲ್ಲ.

ಎಕರೆಗೆ ಎರಡು ಸೆಂಟಿಮೀಟರ್ ದಪ್ಪ ಹರಡಿದರೆ ಸುಮಾರು 100 ಟನ್ ಹೂಳು. ಅದರಲ್ಲಿ ಕಿಲೋಗ್ರಾಂಗೆ 3 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ 300 ಗ್ರಾಂ ಹೊಲ ಸೇರಿತು. ಅದು ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ತೊಳೆದೂ ಹೋಗುವುದಿಲ್ಲ. ಮರುವರ್ಷ ಹೇರಿದ್ದು ಅದರ ಮೇಲೆ ಕೂಡುತ್ತದೆ. ಸುಣ್ಣದಂಶವಿರುವ ಎರೆಯಲ್ಲಿ ಲೋಹ ಬಿಗಿಯಾಗಿ ಕೂತಿರುತ್ತದೆ, ಹುಳಿ ಗುಣದ ಕೆಂಪು ನೆಲದಲ್ಲಿ ಬೇಗ ಬಿಡಿಸಿಕೊಳ್ಳುತ್ತದೆ. ಕ್ಯಾಡ್ಮಿಯಂ ಅಥವಾ ಸೀಸ ಹಳೆಯ ಪದರದ ಎರಡು ಪಟ್ಟು ದಾಟಿದ್ದರೆ, ವರದಿಯನ್ನು ಮಣ್ಣು ತಜ್ಞರಿಗೆ ತೋರಿಸುವವರೆಗೆ ಹೇರುವುದನ್ನು ನಿಲ್ಲಿಸಿ. ಈಗಾಗಲೇ ಹಾಕಿದ್ದರೆ ಆ ಹೊಲದಲ್ಲಿ ಮೆಂತೆ, ಪಾಲಕ್ ಮುಂತಾದ ಸೊಪ್ಪು ಬೆಳೆಯಬೇಡಿ. ಕ್ಯಾಡ್ಮಿಯಂ ಎಲೆಗೆ ಬೇಗ ಏರುತ್ತದೆ. ಬಾಯಿಯ ಬಳಿಯ ಹೂಳು ಕೆಟ್ಟಿದ್ದು ಒಡ್ಡಿನ ಬದಿಯದು ಚೆನ್ನಾಗಿರುವುದೂ ಉಂಟು. ಆಗ ಒಡ್ಡಿನ ಕಡೆಯಿಂದ ಮಾತ್ರ ಟ್ರ್ಯಾಕ್ಟರ್ ತುಂಬಿಸಿ.