ಹತ್ತು ಮಂದಿ ಬಂದರು, ಇಬ್ಬರು ಉಳಿದರು

ಪ್ರಶ್ನೆ: ನಾನು ಅಜ್ಜಾವರದವನು. ಸುಳ್ಯದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಅಡಿಕೆ ತೋಟದ ಲೆಕ್ಕ ಇಡಲು ನಾವು ಕೆಲವರು ಸೇರಿ ಒಂದು ಕನ್ನಡ ಆ್ಯಪ್ ಮಾಡಿದ್ದೇವೆ. ಕೊಯ್ಲು, ಮಾರಿದ ಧಾರಣೆ, ಮದ್ದು ಬಿಟ್ಟ ದಿನ, ಆಳುಗಳ ಸಂಬಳ ಎಲ್ಲವನ್ನೂ ಅದರಲ್ಲಿ ಬರೆದಿಡಬಹುದು. ಕೋಡನ್ನು ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಇಟ್ಟಿದ್ದೇವೆ. ಮೊದಲಿಗೆ ಹತ್ತು ಮಂದಿ ಸೇರಿದ್ದರು, ಈಗ ನಾನು ಮತ್ತು ನನ್ನ ಸಹಪಾಠಿ ಇಬ್ಬರೇ. ಕೊಡಲು ನಮ್ಮಲ್ಲಿ ದುಡ್ಡಿಲ್ಲ. ದುಡ್ಡಿಲ್ಲದೆ ಜನರನ್ನು ಉಳಿಸಿಕೊಳ್ಳುವುದು ಹೇಗೆ? ಬರುವ ವರ್ಷ ನಾವಿಬ್ಬರೂ ಕೆಲಸ ಹುಡುಕಿ ಊರು ಬಿಡುವವರು. ಆಮೇಲೆ ಇದರ ಗತಿ ಏನು?
— ಓದುಗರೊಬ್ಬರು, ಅಜ್ಜಾವರ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಬಿಟ್ಟುಹೋದ ಎಂಟು ಮಂದಿ ಕೊನೆಯದಾಗಿ ಏನು ಕಳುಹಿಸಿದ್ದರು, ಅದಕ್ಕೆ ನಿಮ್ಮ ಕಡೆಯಿಂದ ಎಷ್ಟು ದಿನಕ್ಕೆ ಉತ್ತರ ಹೋಯಿತು ಎಂದು ಗಿಟ್‌ಹಬ್‌ನಲ್ಲಿ ಹಿಂದಕ್ಕೆ ಹೋಗಿ ನೋಡಿ. ದಿನಾಂಕಗಳೆಲ್ಲ ಅಲ್ಲೇ ಇರುತ್ತವೆ. ನಿಮ್ಮ ಪತ್ರದಲ್ಲಿ ದುಡ್ಡಿನ ಮಾತಿದೆ, ಉತ್ತರ ಕೊಟ್ಟ ಮಾತಿಲ್ಲ. ಬಂದವರು ಹೋಗುವುದಕ್ಕೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಇದನ್ನು ಲೆಕ್ಕ ಹಾಕಿ ನೋಡಿದ್ದರು. ಹೊಸಬರು ಕಳುಹಿಸಿದ ಮೊದಲ ತಿದ್ದುಪಡಿಯನ್ನು 48 ಗಂಟೆಯೊಳಗೆ ಯಾರಾದರೂ ಪರಿಶೀಲಿಸಿದರೆ ಅವರು ಮತ್ತೆ ಬರುವ ಸಂಭವ ತುಂಬ ಹೆಚ್ಚು. 7 ದಿನ ದಾಟಿತೋ, ಮತ್ತೆ ಬರುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ತಾನು ಬರೆದದ್ದನ್ನು ಗುರುತಿಲ್ಲದವರ ಮುಂದೆ ಇಡುವಾಗ ಯಾರಿಗೂ ಅಳುಕಿರುತ್ತದೆ. ಆಚೆ ಕಡೆಯಿಂದ ಸದ್ದಿಲ್ಲದಿದ್ದರೆ ‘ನನ್ನದು ಚೆನ್ನಾಗಿಲ್ಲ’ ಎಂದೇ ಅವರು ತಿಳಿಯುತ್ತಾರೆ. ನಿಮಗೆ ಆ ವಾರ ಪರೀಕ್ಷೆ ಇತ್ತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ‘ಸಿಕ್ಕಿತು, ಭಾನುವಾರ ಕೂತು ನೋಡುತ್ತೇನೆ’ ಎಂದು ಒಂದು ಸಾಲು ಹಾಕಿದರೆ ಸಾಕು. ಆದರೆ ಭಾನುವಾರ ನಿಜವಾಗಿ ಕೂತು ನೋಡಬೇಕು.

ಇನ್ನೊಂದು ತಪ್ಪು ಒಳ್ಳೆಯ ಪ್ರೋಗ್ರಾಮರುಗಳೇ ಹೆಚ್ಚಾಗಿ ಮಾಡುವಂಥದ್ದು. ಹೊಸಬರ ಕೋಡಿನಲ್ಲಿ ಕುಂದು ಕಂಡರೆ ‘ಇದನ್ನು ವಿವರಿಸಿ ಹೇಳುವುದಕ್ಕಿಂತ ನಾನೇ ಸರಿ ಮಾಡಿದರೆ ಹತ್ತು ನಿಮಿಷದ ಕೆಲಸ’ ಎಂದು ತಾವೇ ಬರೆದು ಮುಗಿಸಿಬಿಡುತ್ತಾರೆ. ಕೆಲಸ ಬೇಗ ಆಯಿತು, ನಿಜ. ಆದರೆ ಕಳುಹಿಸಿದವರಿಗೆ ತಾವು ಬೇಕಾಗಿಲ್ಲ ಎಂದು ಅರ್ಥವಾಯಿತು. ವಿವರಿಸಲು ಒಂದು ಗಂಟೆ ಹಿಡಿದರೂ ಅವರ ಕೈಯಿಂದಲೇ ಸರಿ ಮಾಡಿಸಿ. ಮುಂದಿನ ಸಲ ಅವರಿಗೆ ನಿಮ್ಮ ಗಂಟೆ ಬೇಕಾಗುವುದಿಲ್ಲ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಅದರಲ್ಲಿದೆ. ತುಳು ವಿಕಿಪೀಡಿಯ 2008ರ ಹೊತ್ತಿಗೆ ‘ಇನ್‌ಕ್ಯುಬೇಟರ್’ ಎಂಬ ಪರೀಕ್ಷಾ ತಾಣದಲ್ಲಿ ಶುರುವಾಯಿತು. ಹೊಸ ಭಾಷೆಗಳೆಲ್ಲ ಅಲ್ಲಿಂದಲೇ ಹೊರಡಬೇಕು. ಅಲ್ಲಿ ಬರೆಯುವುದು ಸುಲಭವಲ್ಲ. ಪ್ರತಿ ಲೇಖನದ ಶೀರ್ಷಿಕೆಯ ಮುಂದೆ ಭಾಷೆಯ ಸಂಕೇತ ಹಚ್ಚಬೇಕು, ಎಲ್ಲ ಭಾಷೆಗಳ ಪುಟಗಳೂ ಒಂದೇ ಕಡೆ ಇರುತ್ತವೆ, ಅಲ್ಲಿ ಬರೆದದ್ದು ಊರಿನವರ ಕಣ್ಣಿಗೆ ಬೀಳುವುದೂ ಅಪರೂಪ. ತುಳುವಿಗೆ ಸ್ವಂತ ತಾಣ ಸಿಕ್ಕಿದ್ದು 2016ರ ಆಗಸ್ಟ್‌ನಲ್ಲಿ. ಚಂಡೀಗಢದಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ವಿಕಿಮೀಡಿಯ ಫೌಂಡೇಶನ್ನಿನ ಆಗಿನ ಮುಖ್ಯಸ್ಥೆ ಕ್ಯಾಥರೀನ್ ಮಾಹೆರ್ ಅದನ್ನು ಘೋಷಿಸಿದರು. ನಡುವೆ ಹೋದದ್ದು ಸುಮಾರು ಎಂಟು ವರ್ಷ.

ಭಾಷೆಗೆ ಸ್ವಂತ ತಾಣ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿ ಮುಖ್ಯವಾಗಿ ಎರಡು ಸಂಗತಿ ನೋಡುತ್ತದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಒಂದು ಮುಕ್ತ ತಂತ್ರಾಂಶ. ಅದರಲ್ಲಿ ಹೆಚ್ಚು ಬಳಕೆಯಾಗುವ ಸಂದೇಶಗಳು ಆ ಭಾಷೆಗೆ ಅನುವಾದವಾಗಿರಬೇಕು. ಎರಡನೆಯದು, ಕನಿಷ್ಠ ಮೂರು ಮಂದಿಯಾದರೂ ತಿಂಗಳು ತಿಂಗಳೂ ಬಿಡದೆ ಬರೆಯುತ್ತಿರಬೇಕು. ಒಬ್ಬರೇ ಹಟ ಹಿಡಿದು ಸಾವಿರ ಲೇಖನ ಬರೆದರೂ ಇದಕ್ಕೆ ಸಾಲದು. ಈ ನಿಯಮದ ಬಗ್ಗೆ ಆಗ ಬೇಸರಪಟ್ಟವರಿದ್ದರು. ನನಗೆ ಅದು ಬಹಳ ವಿವೇಕದ ನಿಯಮ ಎಂದು ಅನ್ನಿಸುತ್ತದೆ. ತಾಣ ತೆರೆದ ಮಾರನೆಯ ದಿನ ಅದನ್ನು ನೋಡಿಕೊಳ್ಳಲು ಜನ ಬೇಕಲ್ಲ! ನಿಮ್ಮ ಆ್ಯಪಿಗೂ ಇದೇ ಅಳತೆಯನ್ನು ಇಟ್ಟುಕೊಳ್ಳಿ. ಗಿಟ್‌ಹಬ್‌ನಲ್ಲಿ ಎಷ್ಟು ನಕ್ಷತ್ರ ಬಿತ್ತು, ಎಷ್ಟು ಮಂದಿ ಇಳಿಸಿಕೊಂಡರು ಎಂಬುದನ್ನು ಬದಿಗಿಡಿ. ಕಳೆದ ಮೂರು ತಿಂಗಳಲ್ಲಿ ಪ್ರತಿ ತಿಂಗಳೂ ಏನಾದರೊಂದು ಮಾಡಿದವರು ಎಷ್ಟು ಮಂದಿ ಎಂದು ಎಣಿಸಿ.

ತುಳು ವಿಕಿಪೀಡಿಯ ಇನ್‌ಕ್ಯುಬೇಟರಿನಲ್ಲಿದ್ದ ಕೊನೆಯ ವರ್ಷಗಳಲ್ಲಿ ಕೆಲಸಕ್ಕೆ ಬಂದದ್ದು ಎದುರೆದುರು ಕೂತು ಹೇಳಿಕೊಟ್ಟದ್ದು. ಕರಾವಳಿಯ ಕಾಲೇಜುಗಳಲ್ಲಿ ಕಾರ್ಯಾಗಾರಗಳಾದವು. ಬಂದವರಿಗೆ ಮೊದಲ ತೊಡಕು ಟೈಪಿಂಗಿನದೇ. ತುಳು ವಿಕಿಪೀಡಿಯ ಇರುವುದು ಕನ್ನಡ ಲಿಪಿಯಲ್ಲಿ, ಹಾಗಾಗಿ ಕನ್ನಡದ ಕೀಲಿಮಣೆ ಅವರಿಗೂ ದಾರಿಯಾಯಿತು. ಇಲ್ಲಿ ಕಿನ್ನಿಕಂಬಳದ ಕೆ.ಪಿ. ರಾಯರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ತಳಹದಿ. ತಮ್ಮ ಟೈಪಿಂಗ್ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿಯೇ ಹಂಚಿದರು. ಇವತ್ತು ನೀವು ಕನ್ನಡದಲ್ಲಿ ಆ್ಯಪ್ ಮಾಡುವುದಕ್ಕೆ ಅಂಥವರು ದುಡ್ಡು ಕೇಳದೆ ಮಾಡಿಟ್ಟ ಕೆಲಸ ಆಧಾರವಾಗಿದೆ.

ಕಾರ್ಯಾಗಾರಕ್ಕೆ ಬಂದವರೆಲ್ಲ ಉಳಿಯುವುದಿಲ್ಲ. ಉಳಿಯುವವರು ಕೆಲವರೇ, ಅವರೂ ಕಾರ್ಯಾಗಾರ ಮುಗಿದ ಮೇಲಿನ ವಾರಗಳಲ್ಲಿ ಯಾರಾದರೂ ವಿಚಾರಿಸಿಕೊಂಡದ್ದರಿಂದ ಉಳಿಯುತ್ತಾರೆ. ನಿಮಗೆ ಸುಳ್ಯದ ಕಾಲೇಜೇ ಹತ್ತಿರ ಇದೆ. ದೊಡ್ಡ ಸಮಾರಂಭ, ಬ್ಯಾನರು, ಪ್ರಮಾಣಪತ್ರ ಯಾವುದೂ ಬೇಡ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡನೇ ವರ್ಷದ ನಾಲ್ಕು ಮಂದಿಯನ್ನು ಕೂರಿಸಿಕೊಂಡು ಅವರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಕೋಡು ಓಡುವ ಹಾಗೆ ಮಾಡಿಕೊಡಿ. ಎಷ್ಟೋ ಯೋಜನೆಗಳಲ್ಲಿ ಹೊಸಬರು ಸೋಲುವುದು ಅಲ್ಲೇ. ಇನ್‌ಸ್ಟಾಲ್ ಮಾಡಲು ಏನೇನು ಬೇಕೆಂದು ಬರೆದಿಟ್ಟ ಪುಟ ಹಳೆಯದಾಗಿರುತ್ತದೆ, ಬರೆದವರಿಗೆ ಅದು ಗೊತ್ತೇ ಇರುವುದಿಲ್ಲ. ಆ ಪುಟವನ್ನು ತಿದ್ದುವ ಕೆಲಸವನ್ನು ಅಂದು ಬಂದ ಹೊಸಬರಿಗೇ ಕೊಡಿ. ಎಲ್ಲಿ ಎಡವಿದೆವು ಎಂದು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ, ಅವರ ಮೊದಲ ಕೊಡುಗೆಯೂ ಅದೇ ಆಗುತ್ತದೆ.

ಕೋಡು ಬರೆಯುವವರನ್ನು ಮಾತ್ರ ನೀವು ಹುಡುಕುತ್ತಿದ್ದರೆ ಊರಿನ ಅರ್ಧಕ್ಕಿಂತ ಹೆಚ್ಚು ಬಲವನ್ನು ಬಿಟ್ಟುಕೊಟ್ಟಂತೆ. ಬೆಂಗಳೂರಿನ ಪ್ರೋಗ್ರಾಮರಿಗೆ ಅಡಿಕೆ ಎಂದರೆ ಅಡಿಕೆ, ಒಂದೇ ಬಗೆ. ನಿಮ್ಮ ಮನೆಯ ಅಂಗಳದಲ್ಲಿ ಒಣಗಿದ್ದನ್ನು ಸುಲಿದು ಬೇರ್ಪಡಿಸುವವರಿಗೆ ಹೊಸತು ಬೇರೆ, ಹಳತು ಬೇರೆ, ಪಟೋರ ಬೇರೆ, ಉಳ್ಳಿ ಬೇರೆ, ಕೋಕ ಬೇರೆ, ಕರಿಗೋಟು ಬೇರೆ. ಪ್ರತಿಯೊಂದಕ್ಕೂ ಬೇರೆ ಧಾರಣೆ. ಈ ಪಟ್ಟಿಯನ್ನು ಸರಿ ಮಾಡಿಕೊಟ್ಟ ಅಮ್ಮನೋ ನೆರೆಮನೆಯ ಮಾವನೋ ನಿಮ್ಮ ಯೋಜನೆಗೆ ಕೊಡುಗೆ ಕೊಟ್ಟವರೇ. ಕೊಡುಗೆದಾರರ ಪುಟದಲ್ಲಿ ಕೋಡು ಬರೆದವರ ಪಕ್ಕದಲ್ಲೇ, ಅವರನ್ನು ಕೇಳಿ, ಅವರ ಹೆಸರನ್ನೂ ಹಾಕಿ. ಅಜ್ಜಾವರದ ಮನೆಗಳಲ್ಲಿ ಅರೆಭಾಷೆ ಇದೆ, ತುಳು ಇದೆ, ಮಲಯಾಳ ಇದೆ. ಆ್ಯಪಿನ ಗುಂಡಿಗಳ ಮೇಲಿನ ನಾಲ್ಕು ಮಾತುಗಳನ್ನು ಅರೆಭಾಷೆಗೆ ತರಲು ಪ್ರೋಗ್ರಾಮಿಂಗ್ ಬೇಡ. ವೆಬ್‌ಲೇಟ್‌ನಂಥ ಮುಕ್ತ ಅನುವಾದ ಸಾಧನದಲ್ಲಿ ಮೊಬೈಲಿನಿಂದಲೇ ಆ ಕೆಲಸ ಆಗುತ್ತದೆ. ಬೆಳಗ್ಗೆ ಒಂದು ಮಾತು ಅನುವಾದಿಸಿದವರು ತಿಂಗಳ ಕೊನೆಗೆ ‘ಇದು ಯಾಕೆ ಹೀಗೆ ಕೆಲಸ ಮಾಡುತ್ತದೆ?’ ಎಂದು ಕೇಳತೊಡಗುತ್ತಾರೆ. ಅಲ್ಲಿಂದ ಕೋಡಿಗೆ ದಾರಿ ದೂರವಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮದ್ದಿನ ಪ್ರಮಾಣದ ವಿಷಯದಲ್ಲಿ ಯಾರು ಕಳುಹಿಸಿದ ತಿದ್ದುಪಡಿಯನ್ನೂ ಹಾಗೇ ಒಪ್ಪಬೇಡಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ನಷ್ಟವಾಗುವುದು ಯಾರದೋ ತೋಟಕ್ಕೆ. ಅಂಥದ್ದನ್ನು ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲಿ ಕೇಳಿ ಖಚಿತ ಮಾಡಿಕೊಂಡೇ ಸೇರಿಸುವುದೆಂದು ನಿಯಮ ಬರೆದಿಡಿ. ನಿಯಮ ಮೊದಲೇ ಇದ್ದರೆ ಯಾರಿಗೂ ತಮ್ಮನ್ನು ನಂಬಲಿಲ್ಲ ಎಂಬ ಬೇಸರ ಉಳಿಯುವುದಿಲ್ಲ.

ಹೊಸಬರನ್ನು ನಿಮ್ಮ ಊರಿನಲ್ಲೇ ಹುಡುಕಬೇಕೆಂದಿಲ್ಲ. ಮಂಡೆಕೋಲು ದಾಟಿದರೆ ಕೇರಳ. ಗಡಿಯಾಚೆಯೂ ಇದೇ ಅಡಿಕೆ, ಕನ್ನಡ ಓದುವ ಮನೆಗಳು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಬಂತು. 2017ರಿಂದ ಅದರ ಹೆಸರು ಕೈಟ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಾರೆ, ಅವರ ಕೈಯಲ್ಲಿ ಕನ್ನಡದ ಪಠ್ಯಪುಸ್ತಕವಿದೆ. ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಗುಂಪುಗಳೂ ಇವೆ. ನಿಮ್ಮ ಮುಂದಿನ ತಲೆಮಾರಿನ ಸ್ವಯಂಸೇವಕರು ನೀವು ನೆನೆಸಿದ್ದಕ್ಕಿಂತ ಹತ್ತಿರ ಇರಬಹುದು. ಒಮ್ಮೆ ಅತ್ತ ಹೋಗಿ ಒಬ್ಬ ಶಿಕ್ಷಕರನ್ನು ಮಾತನಾಡಿಸಿ ಬನ್ನಿ.

ಈಗ ದುಡ್ಡು. ನನ್ನ ಪ್ರಕಾರ ಸಣ್ಣ ಬಹುಮಾನಗಳು ಕೆಡುಕನ್ನೇ ಹೆಚ್ಚು ಮಾಡುತ್ತವೆ. ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಅಕ್ಟೋಬರ್ ತಿಂಗಳ ಉತ್ಸವ 2014ರಿಂದ ನಡೆಯುತ್ತಿದೆ. ಇಷ್ಟು ತಿದ್ದುಪಡಿ ಕಳುಹಿಸಿದವರಿಗೆ ಒಂದು ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಟೀ ಶರ್ಟಿನ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳು ಎಷ್ಟು ಬಂದು ಬಿದ್ದವೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ನಡೆಸುವವರು ಉತ್ಸವ ಶುರುವಾದ ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲು ದೊಡ್ಡದಿತ್ತು ಎಂಬುದು ನನಗೆ ನೋವಿನ ಸಂಗತಿ. ಅವರಿಗೆ ಎಣಿಕೆ ಹೇಳಿಕೊಟ್ಟವರಿದ್ದರು, ಕೆಲಸ ಹೇಳಿಕೊಟ್ಟವರಿರಲಿಲ್ಲ.

ಸರಿಯಾದ ದುಡ್ಡಿಗೂ ದಾರಿಗಳಿವೆ. ಗೂಗಲ್‌ನ ‘ಸಮ್ಮರ್ ಆಫ್ ಕೋಡ್’ 2005ರಿಂದ ಇದೆ, ಔಟ್‌ರೀಚಿ ಎಂಬ ಯೋಜನೆ ಅವಕಾಶ ಕಡಿಮೆ ಸಿಕ್ಕಿದವರಿಗೆಂದೇ ಇದೆ. ಎರಡರಲ್ಲೂ ಮಾರ್ಗದರ್ಶಕರು ಕಡ್ಡಾಯ. ಫಾಸ್ ಯುನೈಟೆಡ್ ಎಂಬ ಸಂಸ್ಥೆ ನಮ್ಮ ದೇಶದ ಮುಕ್ತ ತಂತ್ರಾಂಶ ಯೋಜನೆಗಳಿಗೆ ಅನುದಾನ ಕೊಡುತ್ತದೆ. ನಿಮ್ಮಲ್ಲಿ ಬಂದವರಲ್ಲಿ ಯಾರಿಗಾದರೂ ಇಂಥದ್ದಕ್ಕೆ ಅರ್ಜಿ ಹಾಕುವ ಯೋಗ್ಯತೆ ಇದ್ದರೆ ಹಾಕಿಸಿ. ಅವರು ಏನೇನು ಮಾಡಿದ್ದಾರೆಂದು ವಿವರವಾಗಿ ಒಂದು ಪತ್ರ ಬರೆದುಕೊಡಿ. ಕೆಲಸ ಸಿಗಲಿ ಎಂದು ಬಂದವರನ್ನು ಸ್ವಾರ್ಥಿಗಳೆಂದು ಬಗೆಯಬೇಡಿ. ಸುಳ್ಯದ ಹುಡುಗಿಯೊಬ್ಬಳಿಗೆ ನಿಮ್ಮ ಯೋಜನೆಯ ಅನುಭವದಿಂದ ಮೊದಲ ಸಂಬಳ ಬರುವುದಾದರೆ ಅದಕ್ಕಿಂತ ಸಂತೋಷ ಯಾವುದಿದೆ?

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನೀವು ಹೋದ ಮೇಲೆ ಆ್ಯಪಿನ ಗತಿ ಏನು ಎಂಬುದು. ಇದು ಕಷ್ಟದ್ದು. 2024ರ ಮಾರ್ಚ್ ಕೊನೆಯಲ್ಲಿ ‘ಎಕ್ಸ್‌ಝಡ್’ ಎಂಬ ಸಣ್ಣ ಮುಕ್ತ ತಂತ್ರಾಂಶದೊಳಗೆ ಕಳ್ಳಬಾಗಿಲು ಇರುವುದು ಪತ್ತೆಯಾಯಿತು. ಕಡತಗಳನ್ನು ಕುಗ್ಗಿಸುವ ಈ ತಂತ್ರಾಂಶ ಜಗತ್ತಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇದೆ. ಅದನ್ನು ವರ್ಷಗಟ್ಟಲೆ ಲಾಸ್ಸೆ ಕಾಲಿನ್ ಎಂಬವರು ಸಂಬಳವಿಲ್ಲದೆ, ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. ಅವರು ದಣಿದಿದ್ದರು, ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಹೇಳಿಕೊಂಡೂ ಇದ್ದರು. ಬೇಗ ಬೇಗ ಕೆಲಸ ಆಗಲಿಲ್ಲವೆಂದು ಯಾರುಯಾರೋ ಒತ್ತಡ ಹಾಕಿದರು. ಆಗ ನೆರವಿಗೆಂದು ಬಂದ, ‘ಜಿಯಾ ಟಾನ್’ ಎಂಬ ಹೆಸರಿನ ಮುಖವಿಲ್ಲದ ವ್ಯಕ್ತಿಗೆ ಅಧಿಕಾರ ಹೋಯಿತು. ಕಳ್ಳಬಾಗಿಲು ಸೇರಿದ್ದು ಆ ಕೈಯಿಂದಲೇ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಹುಡುಕಿ ನೋಡಿದ್ದರಿಂದ ದೊಡ್ಡ ಅನಾಹುತ ತಪ್ಪಿತು.

ನಿಮ್ಮ ಆ್ಯಪಿಗೆ ಗೂಢಚಾರರು ಬರುತ್ತಾರೆಂದು ನಾನು ಹೇಳುತ್ತಿಲ್ಲ. ದಣಿದ ಮೇಲೆ ಉತ್ತರಾಧಿಕಾರಿಯನ್ನು ಹುಡುಕಿದರೆ ಸಿಕ್ಕಿದವರ ಕೈಗೆ ಕೊಡಬೇಕಾಗುತ್ತದೆ. ನಿಮ್ಮ ಕೈಯಲ್ಲಿ ಇನ್ನೂ ಒಂದು ವರ್ಷ ಇದೆ. ಡೆಬಿಯನ್‌ನಂಥ ಹಳೆಯ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಹೊಸಬರ ಕೆಲಸವನ್ನು ಅನುಭವಿಗಳು ಬಹುಕಾಲ ನೋಡಿ, ತಮ್ಮ ಹೆಸರಿನ ಜವಾಬ್ದಾರಿಯ ಮೇಲೆ ಒಳಗೆ ಸೇರಿಸುತ್ತಾರೆ. ಪೂರ್ಣ ಅಧಿಕಾರ ಆಮೇಲೆ. ನೀವೂ ಹಾಗೇ ಮಾಡಿ. ಮೊದಲು ಒಂದು ಭಾಗ, ಉದಾಹರಣೆಗೆ ಧಾರಣೆಯ ಪುಟವನ್ನು, ಒಬ್ಬರಿಗೆ ಪೂರ್ತಿ ಬಿಟ್ಟುಕೊಡಿ. ಅದರ ಬಗ್ಗೆ ಯಾರೇ ಕೇಳಿದರೂ ‘ಅವರನ್ನು ಕೇಳಿ’ ಎನ್ನಿ. ನಿಮಗೆ ಇಷ್ಟವಿಲ್ಲದ ತೀರ್ಮಾನವನ್ನು ಅವರು ತೆಗೆದುಕೊಂಡರೂ, ಲೆಕ್ಕ ತಪ್ಪದಿದ್ದರೆ, ಸುಮ್ಮನಿರಿ. ಬಿಟ್ಟುಕೊಟ್ಟದ್ದು ನಿಜವೋ ಅಲ್ಲವೋ ಎಂದು ಅವರಿಗೆ ತಿಳಿಯುವುದು ಆ ದಿನವೇ. ಸಣ್ಣ ಊರಿನಲ್ಲಿ ನಿಮಗೊಂದು ಅನುಕೂಲ ಇದೆ: ಅಧಿಕಾರ ಕೊಡುವ ಮೊದಲು ಅವರ ಮನೆಗೆ ಹೋಗಿ ಚಾ ಕುಡಿದು ಬರಬಹುದು. ಲಾಸ್ಸೆ ಕಾಲಿನ್‌ಗೆ ಅದು ಸಾಧ್ಯವಿರಲಿಲ್ಲ.

ಯಾರು ಯಾವಾಗ ಇರುವುದಿಲ್ಲ ಎಂಬುದನ್ನೂ ಬರೆದಿಡಿ. ಪರೀಕ್ಷೆ, ಕೊಯ್ಲು, ಮಳೆ ಹಿಡಿಯುವ ಮೊದಲು ಮದ್ದು ಬಿಡುವ ವಾರ, ಕರೆಂಟು ಹೋಗಿ ನೆಟ್‌ವರ್ಕ್ ಸಿಗದ ಜುಲೈ ಇವೆಲ್ಲ ನಮ್ಮ ಕಡೆ ಸಹಜ. ಆ ದಿನಗಳಲ್ಲಿ ಬಾರದವರನ್ನು ಬಿಟ್ಟುಹೋದವರೆಂದು ಎಣಿಸಬೇಡಿ. ಮಳೆ ಕಡಿಮೆಯಾದ ಮೇಲೆ ಫೋನ್ ಮಾಡಿ ಕೇಳಿ. ಆ ಎಂಟು ಮಂದಿಯಲ್ಲೂ ಕೆಲವರು ಹಾಗೆ ಹೋದವರಿರಬಹುದು.

ಹೊರಡುವ ಮೊದಲು ಮಾಡಬೇಕಾದ್ದು ಇಷ್ಟು. ಗಿಟ್‌ಹಬ್‌ನಲ್ಲಿ ಯೋಜನೆ ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಅದನ್ನು ಒಂದು ಸಂಘಟನೆಯ ಖಾತೆಗೆ ಸಾಗಿಸಿ, ಕನಿಷ್ಠ ಮೂವರಿಗೆ ಮಾಲೀಕತ್ವ ಕೊಡಿ. ಮೂವರಲ್ಲಿ ಒಬ್ಬರು ಊರಿನಲ್ಲೇ ಉಳಿಯುವವರಾಗಿರಲಿ. ಆ್ಯಪಿಗೆ ಸಹಿ ಹಾಕುವ ಕೀಲಿಯ ಪ್ರತಿಯನ್ನು ಎರಡು ಸುರಕ್ಷಿತ ಕಡೆ ಇಡಿ. ಅದು ಕಳೆದುಹೋಗಿ ಹೊಸ ಆವೃತ್ತಿ ಬಿಡಲಾಗದೆ ನಿಂತ ಆ್ಯಪುಗಳಿವೆ. ಲೈಸೆನ್ಸ್ ಕಡತ ಹಾಕಿದ್ದೀರಾ ಎಂದು ಇವತ್ತೇ ನೋಡಿ. ಅದು ಇಲ್ಲದಿದ್ದರೆ ಕೋಡು ಎಲ್ಲರ ಕಣ್ಣಿಗೆ ಕಂಡರೂ ಕಾನೂನಿನ ಪ್ರಕಾರ ಮುಂದುವರಿಸುವ ಹಕ್ಕು ಬೇರೆ ಯಾರಿಗೂ ಇರುವುದಿಲ್ಲ. ಊರು ಬಿಟ್ಟ ಮೇಲೆ ವಾರಕ್ಕೆ ಒಂದು ಗಂಟೆ ನಿಮ್ಮದು ಇದಕ್ಕೆಂದೇ ಇರಲಿ, ಆ ಗಂಟೆಯಲ್ಲಿ ಕೋಡು ಬರೆಯಬೇಡಿ. ಹೊಸದಾಗಿ ಬಂದವರು ಏನು ಕಳುಹಿಸಿದ್ದಾರೆಂದು ಓದಿ, ಉತ್ತರ ಬರೆಯಿರಿ.