ವೇಲ್ಸಿನ ಬಾಲಾ: ಸಂತೆಯ ಊರು, ಶಾಲೆಯ ಊರು

ಪ್ರವಾಸವೆಂದರೆ ಅರಮನೆ, ಕೋಟೆ, ಗೋಪುರಗಳನ್ನು ಕಂಡು ಬರುವುದೆಂಬ ಭಾವನೆ ನಮ್ಮಲ್ಲಿ ಬಹುಮಟ್ಟಿಗೆ ಬೇರೂರಿದೆ. ಆದರೆ ಅಂಥ ವೈಭವಗಳಾವುವೂ ಇಲ್ಲದೆ, ಒಂದು ನಾಡಿನ ಜನಜೀವನವನ್ನೇ ರೂಪಿಸಿದ ಸಣ್ಣ ಊರುಗಳೂ ಉಂಟು. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ನಾಡಿನ ಬಾಲಾ ಎಂಬ ಪಟ್ಟಣ ಅಂಥದೊಂದು. ಅಲ್ಲಿನ ಜನಸಂಖ್ಯೆ ಸುಮಾರು 2000. ಉದ್ದಕ್ಕೆ ಸಾಗುವ ಒಂದು ಮುಖ್ಯ ಬೀದಿ, ಅದರ ಅಕ್ಕಪಕ್ಕದಲ್ಲಿ ಹಿಂಬೀದಿಗಳು, ಊರ ಬದಿಯಲ್ಲಿ ಒಂದು ಸರೋವರ: ಮೇಲುನೋಟಕ್ಕೆ ಕಾಣುವುದು ಇಷ್ಟೇ. ಆದರೂ ಶಿಕ್ಷಣದಲ್ಲಿ ಆಸಕ್ತಿಯುಳ್ಳವರು ಈ ಊರನ್ನು ನಿಧಾನವಾಗಿ ಸುತ್ತಿ ನೋಡಿದರೆ, ಆಪತ್ತಿಗೆ ಸಿಲುಕಿದ ಭಾಷೆಯೊಂದನ್ನು ಶಾಲೆಗಳು ಹೇಗೆ ಕೈಹಿಡಿದು ನಡೆಸಿದವು ಎಂಬುದು ಮನದಟ್ಟಾಗುತ್ತದೆ.

ಹುಟ್ಟಿನ ವಿಪರ್ಯಾಸ

ವೆಲ್ಷ್ ಭಾಷೆಯಲ್ಲಿ ‘ಬಾಲಾ’ ಎಂದರೆ ಸರೋವರದಿಂದ ನದಿ ಹೊರಬೀಳುವ ಸ್ಥಳ. ವೇಲ್ಸಿನ ನೈಸರ್ಗಿಕ ಸರೋವರಗಳಲ್ಲಿ ಅತಿ ದೊಡ್ಡದಾದ ಲಿನ್ ಟೆಗಿಡ್, ಸುಮಾರು ನಾಲ್ಕು ಮೈಲಿ ಉದ್ದವಾಗಿ ಇಲ್ಲಿ ಹರಡಿಕೊಂಡಿದೆ. ಡೀ ನದಿ ಅದರಿಂದ ಹೊರಟು ಪೂರ್ವಕ್ಕೆ ಸಾಗುತ್ತದೆ. ಹಿಮಯುಗದಿಂದ ಉಳಿದುಬಂದಿರುವ ‘ಗ್ವಿನಿಯಾಡ್’ ಎಂಬ ಅಪರೂಪದ ಮೀನು ಈ ಸರೋವರದಲ್ಲಿ ವಾಸಿಸುತ್ತದೆ.

ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನು 1282–83ರಲ್ಲಿ ವೇಲ್ಸನ್ನು ಗೆದ್ದ ತರುವಾಯ, ಗೆದ್ದ ನಾಡನ್ನು ಹತೋಟಿಯಲ್ಲಿಡಲು ಅಲ್ಲಲ್ಲಿ ಕೋಟೆಗಳೂ ಹೊಸ ಪಟ್ಟಣಗಳೂ ತಲೆಯೆತ್ತಿದವು. 1310ರ ಸುಮಾರಿನಲ್ಲಿ ರೋಜರ್ ಮಾರ್ಟಿಮರ್ ಎಂಬ ಸಾಮಂತನು ಬಾಲಾ ಪಟ್ಟಣವನ್ನು ಸ್ಥಾಪಿಸಿದ್ದು ಈ ಉದ್ದೇಶದಿಂದಲೇ. ಅಳೆದು ಗೆರೆ ಎಳೆದಂತೆ ನೇರವಾಗಿರುವ ಇಂದಿನ ಬೀದಿಗಳಲ್ಲಿ ಅಂದಿನ ಯೋಜನೆಯ ಗುರುತು ಉಳಿದಿದೆ. ವೆಲ್ಷ್ ಜನರನ್ನು ಅಂಕೆಯಲ್ಲಿಡಲು ಕಟ್ಟಿದ ಈ ಪಟ್ಟಣವೇ ಮುಂದೆ ವೆಲ್ಷ್ ಭಾಷೆಯ ಆಶ್ರಯಸ್ಥಾನವಾಯಿತೆಂಬುದು ಇತಿಹಾಸದ ವಿಪರ್ಯಾಸ. ಇಂದಿಗೂ ಇಲ್ಲಿನ ಹತ್ತು ಜನರಲ್ಲಿ ಸುಮಾರು ಏಳು ಮಂದಿ ವೆಲ್ಷ್ ಮಾತನಾಡಬಲ್ಲವರು.

ಹೆಣಿಗೆಯ ಸಂತೆ

ಪಟ್ಟಣದ ಅಂಚಿನಲ್ಲಿ ‘ಟೊಮೆನ್ ಅ ಬಾಲಾ’ ಎಂಬ ದಿಬ್ಬವೊಂದಿದೆ. ಪೂರ್ವಕಾಲದಲ್ಲಿ ಅದರ ನೆತ್ತಿಯ ಮೇಲೆ ಮರದ ಕೋಟೆಯಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅದೇ ದಿಬ್ಬದ ಮೇಲೆ ಊರಿನವರು ಬಿಸಿಲಿಗೆ ಕುಳಿತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಬಾಲಾದ ಸಂತೆ ಪ್ರಸಿದ್ಧವಾದದ್ದು ಈ ಕಾಲುಚೀಲಗಳಿಂದ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೆಣೆಯುವವರೇ; ದಾರಿ ನಡೆಯುವಾಗಲೂ ಅವರ ಕೈಗೆ ಬಿಡುವಿರಲಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ನೆರೆಹೊರೆಯವರು ಒಂದೇ ಮನೆಯಲ್ಲಿ ಸೇರಿ, ಒಂದೇ ಒಲೆಯ ಬೆಳಕಿನಲ್ಲಿ ಹೆಣೆಯುತ್ತಿದ್ದರು. ಕೈ ಹೆಣೆಯುತ್ತಿರುವಾಗ ಬಾಯಿ ಕಥೆ ಹೇಳುತ್ತಿತ್ತು, ಹಾಡುತ್ತಿತ್ತು. ಮುಂದೆ ಯಂತ್ರದ ಹೆಣಿಗೆ ಬಂದು ಆ ಉದ್ಯಮ ಕ್ಷೀಣಿಸಿತು. ಆದರೆ ಬಡವರ ನಡುವೆ ಬಾಯಿಂದ ಬಾಯಿಗೆ ಸಾಗಿ ಬಂದ ಭಾಷೆಗೆ ಅಷ್ಟರಲ್ಲಿ ಬೇರೊಂದು ನೆಲೆ ದೊರೆತಿತ್ತು. ಅದೇ ಶಾಲೆ.

ಊರೂರು ಸುತ್ತಿದ ಶಾಲೆ

1536ರ ಶಾಸನ ವೇಲ್ಸಿನ ನ್ಯಾಯಾಲಯಗಳಿಗೆ ಇಂಗ್ಲಿಷನ್ನೇ ಗೊತ್ತುಮಾಡಿತ್ತು. ಅಧಿಕಾರದ ಬಾಗಿಲು ಹೀಗೆ ಮುಚ್ಚಿದ್ದರೂ, 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿ ಇಡೀ ಬೈಬಲನ್ನು ವೆಲ್ಷ್ ಭಾಷೆಗೆ ತಂದು ಗದ್ಯಕ್ಕೊಂದು ಗಟ್ಟಿ ತಳಹದಿ ಹಾಕಿದರು. ಗ್ರಂಥ ಸಿದ್ಧವಾಯಿತು, ಓದಬಲ್ಲವರು ಎಲ್ಲಿ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಗ್ರಿಫಿತ್ ಜೋನ್ಸ್. 1730ರ ದಶಕದಲ್ಲಿ ಅವರು ಆರಂಭಿಸಿದ ಸಂಚಾರಿ ಶಾಲೆ ಬಹಳ ಸರಳವಾದ ಏರ್ಪಾಡು. ಉಪಾಧ್ಯಾಯನೊಬ್ಬ ಹಳ್ಳಿಗೆ ಬಂದು, ಬೇಸಾಯದ ಕೆಲಸ ಕಡಿಮೆಯಿರುವ ಕೆಲವು ತಿಂಗಳು ಅಲ್ಲಿಯೇ ನಿಂತು, ಮಕ್ಕಳಿಗೂ ದೊಡ್ಡವರಿಗೂ ಅವರ ಮನೆಮಾತಿನಲ್ಲೇ ಓದು ಕಲಿಸಿ, ಮುಂದಿನ ಹಳ್ಳಿಗೆ ಹೊರಡುತ್ತಿದ್ದ. 1761ರಲ್ಲಿ ಜೋನ್ಸ್ ತೀರಿಕೊಳ್ಳುವ ವೇಳೆಗೆ ಇಂಥ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ನಡೆದು, ಒಂದೂವರೆ ಲಕ್ಷಕ್ಕೂ ಮಿಕ್ಕ ಜನ ಓದು ಕಲಿತಿದ್ದರು.

ಆಮೇಲೆ ನಿಂತುಹೋಗಿದ್ದ ಈ ಕಾರ್ಯವನ್ನು 1785ರ ಸುಮಾರಿನಲ್ಲಿ ಮತ್ತೆ ಕೈಗೆತ್ತಿಕೊಂಡವರು ಬಾಲಾದ ಥಾಮಸ್ ಚಾರ್ಲ್ಸ್ (1755–1814). ಅವರು ಬಾಲಾದ ಸ್ಯಾಲಿ ಎಂಬಾಕೆಯನ್ನು ಮದುವೆಯಾಗಿ ಈ ಊರಿನವರೇ ಆದರು. ಪತ್ನಿ ನಡೆಸುತ್ತಿದ್ದ ಅಂಗಡಿಯ ಆದಾಯದಿಂದ ಸಂಸಾರ ಸಾಗುತ್ತಿದ್ದುದರಿಂದಲೇ ಚಾರ್ಲ್ಸ್ ಅವರು ತಮ್ಮ ಕಾಲವನ್ನು ಶಾಲೆಗಳಿಗೆ ಧಾರೆಯೆರೆಯಲು ಸಾಧ್ಯವಾಯಿತು. ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಹೀಗೆ ಹಿನ್ನೆಲೆಯಲ್ಲಿ ನಿಂತು ಭಾರ ಹೊತ್ತವರ ಹೆಸರು ಅಪೂರ್ವವಾಗಿ ಕೇಳಿಬರುತ್ತದೆ. ಚಾರ್ಲ್ಸ್ ಅವರು ಮೊದಲು ಉಪಾಧ್ಯಾಯರನ್ನು ತಾವೇ ತಯಾರು ಮಾಡಿದರು, ಬಳಿಕ ಅವರನ್ನು ಹಳ್ಳಿಗಳಿಗೆ ಕಳುಹಿಸಿದರು. ಶಾಲೆ ಮುಂದಿನ ಊರಿಗೆ ಹೋದ ಮೇಲೆ ಕಲಿತದ್ದು ಮರೆತುಹೋಗಬಾರದೆಂದು ಭಾನುವಾರದ ಶಾಲೆಗಳನ್ನು ಬೆಳೆಸಿದರು. ಆ ಶಾಲೆಗಳಲ್ಲಿ ಅಜ್ಜನೂ ಮೊಮ್ಮಗನೂ ಕಲಿಯಬಹುದಾಗಿತ್ತು.

ಇಂಥ ಶಾಲೆಯಲ್ಲಿ ಓದು ಕಲಿತವಳು ಮೇರಿ ಜೋನ್ಸ್ ಎಂಬ ನೇಕಾರರ ಮನೆಯ ಹುಡುಗಿ. ಸ್ವಂತಕ್ಕೊಂದು ಬೈಬಲ್ ಬೇಕೆಂದು ಆರು ವರ್ಷ ಹಣ ಕೂಡಿಟ್ಟು, 1800ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಬೆಟ್ಟದ ದಾರಿಯಲ್ಲಿ ಸುಮಾರು 25 ಮೈಲಿ ಬರಿಗಾಲಿನಲ್ಲಿ ನಡೆದು ಅವಳು ಬಾಲಾಕ್ಕೆ ಬಂದಳು. ಚಾರ್ಲ್ಸ್ ಅವರಿಂದ ಗ್ರಂಥವನ್ನು ಪಡೆದಳು. ಈ ಕಥೆ ಹೇಳುವವರ ಬಾಯಲ್ಲಿ ಸ್ವಲ್ಪ ಬಣ್ಣ ಪಡೆದಿರಬಹುದು. ಆದರೆ ಮೇರಿಯ ಬೈಬಲ್ ಇಂದಿಗೂ ಕೇಂಬ್ರಿಜ್‌ನಲ್ಲಿ ಸುರಕ್ಷಿತವಾಗಿದೆ. ಅಗ್ಗದ ಬೆಲೆಗೆ ಗ್ರಂಥಗಳನ್ನು ಒದಗಿಸಲು 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿಯ ಸ್ಥಾಪಕರಲ್ಲಿ ಚಾರ್ಲ್ಸ್ ಒಬ್ಬರು. ಸರೋವರದ ದಡದ ಲಾನಿಕಿಲ್‌ನಲ್ಲಿ ಅವರ ಸಮಾಧಿಯಿದೆ. ಅಲ್ಲಿನ ಹಳೆಯ ಚರ್ಚಿನಲ್ಲಿ 2014ರಲ್ಲಿ ಮೇರಿಯ ಕಥೆಯನ್ನು ತಿಳಿಸುವ ಪ್ರದರ್ಶನ ಮಂದಿರ ತೆರೆಯಿತು.

1837ರಲ್ಲಿ ಲೂಯಿಸ್ ಎಡ್ವರ್ಡ್ಸ್ ಎಂಬ ವಿದ್ವಾಂಸರು ಬಾಲಾದಲ್ಲಿ ಕಾಲೇಜೊಂದನ್ನು ಆರಂಭಿಸಿದರು. ಆ ಕಾಲೇಜು ಸೇರಿದ್ದ ಪಂಥದ ಮಿಷನರಿ ಥಾಮಸ್ ಜೋನ್ಸ್ 1841ರಲ್ಲಿ ನಮ್ಮ ದೇಶದ ಖಾಸಿ ಬೆಟ್ಟಗಳಿಗೆ ಬಂದು, ವೆಲ್ಷ್ ಬರವಣಿಗೆಯ ಕ್ರಮವನ್ನನುಸರಿಸಿ ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆದರು. ಇಂದಿನ ಮೇಘಾಲಯದ ಮಕ್ಕಳು ಓದುವ ಖಾಸಿ ಅಕ್ಷರಮಾಲೆಯಲ್ಲಿ ಈ ದೂರದ ನಾಡಿನ ಛಾಯೆ ಹೀಗೆ ಉಳಿದಿದೆ.

ಕೊರಳಿಗೆ ಕಟ್ಟಿದ ಮರದ ತುಂಡು

ಹತ್ತೊಂಬತ್ತನೆಯ ಶತಮಾನದ ನಡುವೆ ಗಾಳಿ ಬೇರೆ ದಿಕ್ಕಿಗೆ ಬೀಸಿತು. ವೇಲ್ಸಿನ ಶಿಕ್ಷಣವನ್ನು ಪರಿಶೀಲಿಸಲು ಸರಕಾರ ನೇಮಿಸಿದ ಮೂವರು ಅಧಿಕಾರಿಗಳಿಗೂ ವೆಲ್ಷ್ ಬಾರದು. 1847ರಲ್ಲಿ ಪ್ರಕಟವಾದ ಅವರ ವರದಿ ಶಾಲೆಗಳ ಕೊರತೆಗಳನ್ನು ಹೇಳಿದ್ದಲ್ಲದೆ, ನಾಡಿನ ಹಿಂದುಳಿಯುವಿಕೆಗೆ ಭಾಷೆಯನ್ನೇ ದೂರಿತು. ಜನರ ನಡತೆಯನ್ನೂ ಹಳಿಯಿತು. ನೀಲಿ ಹೊದಿಕೆಯ ಆ ಸಂಪುಟಗಳನ್ನು ವೆಲ್ಷ್ ಜನ ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದು ನೆನೆಯುತ್ತಾರೆ.

ಆ ಶತಮಾನದಲ್ಲಿ ಅನೇಕ ಶಾಲೆಗಳಲ್ಲಿ ‘ವೆಲ್ಷ್ ನಾಟ್’ ಎಂಬ ಶಿಕ್ಷೆ ರೂಢಿಯಲ್ಲಿತ್ತು. ವೆಲ್ಷ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. ಮತ್ತೊಂದು ಮಗು ವೆಲ್ಷ್ ಮಾತನಾಡಿದರೆ ಅದು ಆ ಕೊರಳಿಗೆ ಹೋಗುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಇದು ಸರಕಾರದ ಕಟ್ಟಳೆಯಾಗಿರಲಿಲ್ಲ. ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಲೆಂದು ಉಪಾಧ್ಯಾಯರೂ ಎಷ್ಟೋ ಕಡೆ ತಂದೆತಾಯಿಗಳೂ ಒಪ್ಪಿಕೊಂಡಿದ್ದ ಪದ್ಧತಿ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಮಗುವಿಗೆ ತನ್ನ ತಾಯಿಯ ಮಾತಿನ ಬಗ್ಗೆಯೇ ನಾಚಿಕೆ ಹುಟ್ಟಿಸಬಲ್ಲುದೆಂಬುದನ್ನು ಉಪಾಧ್ಯಾಯ ವೃತ್ತಿಯವರು ಇಲ್ಲಿ ಗಮನಿಸಬೇಕು.

ಸರೋವರದ ಇನ್ನೊಂದು ತುದಿಯ ಲಾನುಖ್‌ಲಿನ್ ಹಳ್ಳಿಯ ಶಾಲೆಯಲ್ಲಿ ಈ ಅವಮಾನವನ್ನು ಉಂಡ ಬಾಲಕರಲ್ಲೊಬ್ಬರು 1858ರಲ್ಲಿ ಜನಿಸಿದ ಓವೆನ್ ಎಂ. ಎಡ್ವರ್ಡ್ಸ್. ಬಾಲಾದಲ್ಲಿಯೂ ಮುಂದೆ ಆಕ್ಸ್‌ಫರ್ಡಿನಲ್ಲಿಯೂ ಓದಿ ವಿದ್ವಾಂಸರಾದ ಅವರು ಮಕ್ಕಳಿಗಾಗಿ 1892ರಲ್ಲಿ ವೆಲ್ಷ್ ಮಾಸಪತ್ರಿಕೆಯನ್ನು ಹೊರಡಿಸಿದರು. 1907ರಲ್ಲಿ ವೇಲ್ಸಿನ ಶಾಲೆಗಳ ಮೊಟ್ಟಮೊದಲ ಮುಖ್ಯ ಪರೀಕ್ಷಕರಾದರು. ತಮ್ಮ ಕೊರಳನ್ನು ನೋಯಿಸಿದ ವ್ಯವಸ್ಥೆಯ ಮೇಲೆ ಅವರು ಸೇಡು ತೀರಿಸಿಕೊಳ್ಳಲಿಲ್ಲ. ಅದರೊಳಗೆ ಸೇರಿ ಅದನ್ನು ತಿದ್ದಿದರು. ಅವರ ಮಗ ಇವಾನ್ 1922ರಲ್ಲಿ ವೆಲ್ಷ್ ಮಕ್ಕಳ ಸಂಘಟನೆಯಾದ ‘ಇರ್ದ್’ ಅನ್ನು ಸ್ಥಾಪಿಸಿದರು. 1939ರಲ್ಲಿ ಆಬರಿಸ್ಟ್‌ವಿತ್ ಪಟ್ಟಣದಲ್ಲಿ ಏಳೇ ಮಕ್ಕಳೊಡನೆ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆಯನ್ನು ತೆರೆದರು. ತಂದೆ ಮಕ್ಕಳಿಬ್ಬರ ಪ್ರತಿಮೆಗಳೂ ಲಾನುಖ್‌ಲಿನ್‌ನಲ್ಲಿ ಒಟ್ಟಿಗೆ ನಿಂತಿವೆ.

ಬಾಲಾದ ಮುಖ್ಯ ಬೀದಿಯಲ್ಲಿ 1903ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯೊಂದಿದೆ. ಅದು ಟಾಮ್ ಎಲ್ಲಿಸ್ ಅವರದು. ನೆರೆಯ ಗೇಣಿದಾರ ರೈತನ ಮಗನಾಗಿ 1859ರಲ್ಲಿ ಹುಟ್ಟಿ, 1886ರಲ್ಲಿ ಪಾರ್ಲಿಮೆಂಟಿನ ಸದಸ್ಯರಾಗಿ, ನಲವತ್ತು ತುಂಬಿದ ಸ್ವಲ್ಪದರಲ್ಲೇ ಗತಿಸಿದವರು ಅವರು. ಎಲ್ಲಿಸ್ ಮತ್ತು ಎಡ್ವರ್ಡ್ಸ್ ಇಬ್ಬರೂ ಕಲಿತದ್ದು 1872ರಲ್ಲಿ ಆಬರಿಸ್ಟ್‌ವಿತ್‌ನಲ್ಲಿ ಪ್ರಾರಂಭವಾದ ಕಾಲೇಜಿನಲ್ಲಿ. ಆ ಕಾಲೇಜಿಗೆ ಮೊದಲ ಹತ್ತು ವರ್ಷ ಸರಕಾರದ ಧನಸಹಾಯವಿರಲಿಲ್ಲ. ಪ್ರಾರ್ಥನಾಮಂದಿರಗಳಲ್ಲಿ ವರ್ಷಕ್ಕೊಂದು ಭಾನುವಾರವನ್ನು ‘ವಿಶ್ವವಿದ್ಯಾಲಯದ ಭಾನುವಾರ’ವೆಂದು ಗೊತ್ತುಮಾಡಿ, ಕೂಲಿಕಾರರೂ ರೈತರೂ ಕೊಟ್ಟ ಚಿಲ್ಲರೆ ಕಾಸುಗಳನ್ನು ಒಟ್ಟುಗೂಡಿಸಿ ಅದನ್ನು ಉಳಿಸಿಕೊಂಡರು. ತಾವು ಎಂದೂ ಕಾಲಿಡದ ಕಾಲೇಜಿಗೆ ಕೊಟ್ಟ ಆ ಕಾಸುಗಳು ಇಂಥ ನಾಯಕರನ್ನು ನಾಡಿಗೆ ಮರಳಿಸಿದವು.

ನೀರಿನಡಿಯ ಶಾಲೆ

ಬಾಲಾದಿಂದ ವಾಯವ್ಯಕ್ಕೆ ಕೆಲವು ಮೈಲಿ ಸಾಗಿದರೆ ಲಿನ್ ಕೆಲಿನ್ ಎಂಬ ಜಲಾಶಯ ಎದುರಾಗುತ್ತದೆ. ಅದರ ತಳದಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿ ಮುಳುಗಿದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರೊದಗಿಸಲು 1957ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿತು. ವೇಲ್ಸಿನ 36 ಸದಸ್ಯರಲ್ಲಿ ಒಬ್ಬರೂ ಅದರ ಪರವಾಗಿ ಮತ ನೀಡಿರಲಿಲ್ಲ. ಹಳ್ಳಿಯವರು 1956ರಲ್ಲಿಯೇ ಲಿವರ್‌ಪೂಲಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದ್ದರು, ಫಲವಾಗಲಿಲ್ಲ. 1963ರಲ್ಲಿ ಹಳ್ಳಿಯ ಶಾಲೆ ಮುಚ್ಚಿತು. 1965ರ ಅಕ್ಟೋಬರಿನಲ್ಲಿ ಜಲಾಶಯದ ಉದ್ಘಾಟನೆಯಾಯಿತು. ಶಾಲೆ, ಪ್ರಾರ್ಥನಾಮಂದಿರ, ಅಂಚೆಮನೆ, ಹೊಲಮನೆಗಳು, ಸುಮಾರು 800 ಎಕರೆ ಭೂಮಿ ನೀರುಪಾಲಾದವು. 2005ರಲ್ಲಿ ಲಿವರ್‌ಪೂಲಿನ ನಗರಸಭೆ ಕ್ಷಮೆ ಯಾಚಿಸಿತು. ನಗರಕ್ಕೆ ನೀರು ಬೇಕಾಗಿದ್ದುದು ನಿಜ. ಆದರೆ ಭಾಷೆಯೊಂದು ಮನೆ, ಶಾಲೆ, ಗುಡಿ, ಹೊಲಗಳಲ್ಲೆಲ್ಲ ಸಹಜವಾಗಿ ಉಸಿರಾಡುವ ಹಳ್ಳಿಯನ್ನು ಪರಿಹಾರದ ಹಣದಿಂದ ಮತ್ತೆ ಕಟ್ಟಲಾಗುವುದಿಲ್ಲ.

ಈ ನೋವು ವ್ಯರ್ಥವಾಗಲಿಲ್ಲ. 1967ರಲ್ಲಿ ವೆಲ್ಷ್ ಭಾಷೆಗೆ ಕೆಲವು ಕಾನೂನಿನ ಹಕ್ಕುಗಳು ದೊರೆತವು; 1982ರಲ್ಲಿ ವೆಲ್ಷ್ ದೂರದರ್ಶನ ವಾಹಿನಿ ಬಂದಿತು; 2011ರಲ್ಲಿ ಅಧಿಕೃತ ಸ್ಥಾನ ಲಭಿಸಿತು. ಆದರೂ ಗೆಲುವಿನ ಮಾತನ್ನಾಡುವ ಕಾಲವಿನ್ನೂ ಬಂದಿಲ್ಲ. 1911ರಲ್ಲಿ ಸುಮಾರು 9,77,000 ಇದ್ದ ವೆಲ್ಷ್ ಬಲ್ಲವರ ಸಂಖ್ಯೆ 2021ರ ಜನಗಣತಿಯಲ್ಲಿ ಸುಮಾರು 5,38,000ಕ್ಕೆ, ಎಂದರೆ ಶೇಕಡ 17.8ಕ್ಕೆ, ಇಳಿದಿತ್ತು. 2050ರ ವೇಳೆಗೆ ಇದನ್ನು ಹತ್ತು ಲಕ್ಷಕ್ಕೇರಿಸುವ ಗುರಿಯನ್ನು ವೇಲ್ಸ್ ಸರಕಾರ ಹೊಂದಿದೆ. ಆ ಗುರಿಗೆ ಮುಖ್ಯ ಆಧಾರ ಮತ್ತೆ ಶಾಲೆಗಳೇ. ಬಾಲಾದಲ್ಲಿ ಮೂರರಿಂದ ಹತ್ತೊಂಬತ್ತು ವಯಸ್ಸಿನವರೆಗಿನ ಮಕ್ಕಳು ಒಂದೇ ಸೂರಿನಡಿ ಕಲಿಯುವ ಹೊಸ ಶಾಲೆ 2019ರಲ್ಲಿ ಆರಂಭವಾಗಿದೆ.

ಬಾಲಾವನ್ನು ಸುತ್ತಿ ಬಂದವರಿಗೆ ಈ ಊರಿನ ಹಿರಿಮೆ ಯಾವುದರಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಶಾಲೆಗಳನ್ನು ಕಟ್ಟಿದವರು ದೊರೆಗಳಲ್ಲ. ಅಂಗಡಿ ನಡೆಸಿದ ಗೃಹಿಣಿ, ಹಳ್ಳಿಯಿಂದ ಹಳ್ಳಿಗೆ ನಡೆದ ಅನಾಮಧೇಯ ಉಪಾಧ್ಯಾಯ, ಚಿಲ್ಲರೆ ಕಾಸನ್ನು ಕೊಟ್ಟ ಕೂಲಿಕಾರ. ಕಲಿಸುವವರೂ ಕಲಿತು ಹೊರಟವರೂ ಕೊಡುವವರೂ ಒಂದೇ ಕಾರ್ಯದ ಮೂರು ಕೈಗಳೆಂದು ಬಗೆದು ನಡೆದರೆ, ಎರಡು ಸಾವಿರ ಜನರ ಊರೂ ಒಂದು ನಾಡಿನ ನುಡಿಯನ್ನು ಕಾಯಬಲ್ಲುದು.